ಕಾನೂನು ಕೇಳಿ: ಜಾರಿ ಬಿದ್ದವರ ಹಕ್ಕು, ಜಾಗದ ಒಡೆಯರ ಹೊಣೆ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಅಂಗಡಿ, ಬಾಡಿಗೆ ಮನೆ, ಅಪಾರ್ಟ್‌ಮೆಂಟ್, ಬೀದಿಯ ಮೋರಿ ಹೀಗೆ ಇನ್ನೊಬ್ಬರ ಸುಪರ್ದಿಯಲ್ಲಿರುವ ಜಾಗದಲ್ಲಿ ಜಾರಿಯೋ ಎಡವಿಯೋ ಬಿದ್ದು ಮೂಳೆ ಮುರಿದುಕೊಂಡವರು ಯಾರನ್ನು ಕೇಳಬೇಕು ಎಂಬುದೇ ಎಲ್ಲರ ಪ್ರಶ್ನೆ. ಆದ್ದರಿಂದ ಈ ಸಲ ಬೇರೆ ಪತ್ರಗಳನ್ನು ಬದಿಗಿರಿಸಿ ಇವುಗಳಲ್ಲಿ ಕೆಲವನ್ನು ಮಾತ್ರ ಎತ್ತಿಕೊಳ್ಳಲಾಗಿದೆ.

ಉತ್ತರಗಳಿಗೆ ಮೊದಲು ಒಂದು ಮಾತು. ಜಾಗದ ಸ್ವಾಧೀನದಾರರ ಹೊಣೆಗೆಂದೇ ಇಂಗ್ಲೆಂಡಿನಲ್ಲಿ 1957ರಿಂದ ಪ್ರತ್ಯೇಕ ಕಾಯ್ದೆಯಿದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ನಮ್ಮ ನ್ಯಾಯಾಲಯಗಳು ಇಂಥ ಪ್ರಕರಣಗಳನ್ನು ಅಪಕೃತ್ಯ ಕಾನೂನಿನಲ್ಲಿ, ಅಂದರೆ ಹಿಂದಿನ ತೀರ್ಪುಗಳಿಂದ ಬೆಳೆದುಬಂದ ತತ್ವಗಳಲ್ಲಿ, ನಿರ್ಲಕ್ಷ್ಯದ ಪ್ರಶ್ನೆಯಾಗಿ ನೋಡುತ್ತವೆ. ಬಿದ್ದದ್ದು ನಿಜ, ಪೆಟ್ಟಾದದ್ದೂ ನಿಜ ಎಂದಷ್ಟೇ ತೋರಿಸಿದರೆ ಪರಿಹಾರ ಸಿಗುವುದಿಲ್ಲ. ಆ ಜಾಗ ಯಾರ ಹತೋಟಿಯಲ್ಲಿತ್ತು, ಅಪಾಯ ಅವರಿಗೆ ತಿಳಿದಿತ್ತೇ ಅಥವಾ ಎಚ್ಚರದಿಂದಿದ್ದರೆ ತಿಳಿಯಬಹುದಾಗಿತ್ತೇ, ಅದನ್ನು ಸರಿಪಡಿಸಲು ಅವರಿಗೆ ಸಾಕಷ್ಟು ಸಮಯವಿತ್ತೇ ಎಂಬುದರ ಮೇಲೆ ಇಡೀ ಪ್ರಕರಣ ನಿಂತಿರುತ್ತದೆ. ಪತ್ರ ಬರೆದವರಲ್ಲಿ ಬಹುಪಾಲು ಮಂದಿ ಗಾಯದ ಬಗ್ಗೆ ಪುಟಗಟ್ಟಲೆ ಬರೆದು, ನೆಲದ ಬಗ್ಗೆ ಒಂದೇ ಸಾಲು ಬರೆದಿದ್ದಾರೆ. ನ್ಯಾಯಾಲಯ ಮೊದಲು ಕೇಳುವುದು ನೆಲದ ಬಗ್ಗೆ.

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. ಇತ್ತೀಚೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ಹಾಲು, ಮೊಸರು ಇಡುವ ಫ್ರಿಜ್‌ನಿಂದ ನೀರು ಸೋರಿ ಟೈಲ್ಸ್ ಮೇಲೆ ನಿಂತಿದ್ದ ಕಡೆ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಮ್ಯಾನೇಜರ್ ‘ನೋಡಿಕೊಂಡು ನಡೆಯಬೇಕಿತ್ತು’ ಎನ್ನುತ್ತಾರೆ. ‘ಗ್ರಾಹಕರಿಗೆ ಆಗುವ ಯಾವುದೇ ಅನಾಹುತಕ್ಕೆ ಆಡಳಿತದವರು ಹೊಣೆಯಲ್ಲ’ ಎಂಬ ಫಲಕವನ್ನೂ ತೋರಿಸುತ್ತಾರೆ. ಸಿಸಿಟಿವಿ ದೃಶ್ಯ ಕೊಡಲು ಒಪ್ಪುತ್ತಿಲ್ಲ. ತಾಯಿ ಗೃಹಿಣಿ, ಸಂಬಳವಿಲ್ಲದ ಕಾರಣ ಆಸ್ಪತ್ರೆಯ ಬಿಲ್ಲಿಗಿಂತ ಹೆಚ್ಚು ಕೇಳಲಾಗದು ಎಂದು ಪರಿಚಯದವರೊಬ್ಬರು ಹೇಳಿದರು. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ನಿಜವಲ್ಲ. ಆದರೆ ಹಣದ ಮಾತಿಗೆ ಬರುವ ಮುನ್ನ ತುರ್ತಿನ ಕೆಲಸವೊಂದಿದೆ. ಸಿಸಿಟಿವಿಯ ದೃಶ್ಯಗಳು ಬಹಳ ಕಾಲ ಉಳಿಯುವುದಿಲ್ಲ. ಯಂತ್ರದ ಸಾಮರ್ಥ್ಯಕ್ಕೆ ತಕ್ಕಂತೆ ಕೆಲವು ವಾರಗಳಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗಿಬಿಡುತ್ತದೆ. ಆದ್ದರಿಂದ ಈ ಪತ್ರಿಕೆ ಕೈಗೆ ಬಂದ ದಿನವೇ, ಘಟನೆಯ ದಿನಾಂಕ, ಸಮಯ ಮತ್ತು ಯಾವ ಫ್ರಿಜ್‌ನ ಮುಂದೆ ಎಂಬುದನ್ನು ಬರೆದು, ಆ ಹೊತ್ತಿಗೆ ಒಂದೆರಡು ಗಂಟೆ ಹಿಂದಿನಿಂದ ಇರುವ ದೃಶ್ಯವನ್ನು ಅಳಿಸದೆ ಕಾಪಾಡಬೇಕೆಂದು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿರಿ. ದೃಶ್ಯವನ್ನು ನಿಮ್ಮ ಕೈಗೆ ಕೊಡುವಂತೆ ಕೇಳುವುದು ಬೇರೆ, ಕಾಪಾಡುವಂತೆ ಕೇಳುವುದು ಬೇರೆ. ಕೊಡಲಾರೆವು ಎಂದು ಅವರು ಹೇಳಬಹುದು. ಆದರೆ ನೋಟಿಸ್ ತಲುಪಿದ ಮೇಲೆ ಅಳಿಸಿದರೆ, ತಮ್ಮ ವಿರುದ್ಧವಿದ್ದ ಪುರಾವೆಯನ್ನು ಬೇಕೆಂದೇ ತಡೆಹಿಡಿದರು ಎಂದು ನ್ಯಾಯಾಲಯ ಊಹಿಸಿಕೊಳ್ಳಲು ಅವಕಾಶವಾಗುತ್ತದೆ.

ಒಂದೆರಡು ಗಂಟೆ ಹಿಂದಿನ ದೃಶ್ಯ ಏಕೆ ಬೇಕೆಂದರೆ, ಅಂಗಡಿಯ ಹೊಣೆ ಇರುವುದೇ ಆ ಹೊತ್ತಿನಲ್ಲಿ. ಗ್ರಾಹಕರೊಬ್ಬರ ಕೈಯಿಂದ ಎಣ್ಣೆಯ ಪ್ಯಾಕೆಟ್ ಬಿದ್ದು ಒಡೆದು, ಮರುಕ್ಷಣವೇ ಇನ್ನೊಬ್ಬರು ಅದರ ಮೇಲೆ ಕಾಲಿಟ್ಟು ಬಿದ್ದರೆ ಅಂಗಡಿಯವರು ಏನು ಮಾಡಲು ಸಾಧ್ಯವಿತ್ತು ಎಂದು ಕೇಳಬಹುದು. ಫ್ರಿಜ್ ಸೋರುವುದು ಹಾಗಲ್ಲ. ಅದು ಅವರದೇ ಯಂತ್ರ, ಅವರೇ ದುರಸ್ತಿ ಮಾಡಿಸಬೇಕಾದದ್ದು. ಬಹುಶಃ ಅಂದು ಬೆಳಿಗ್ಗೆಯಿಂದಲೋ ಹಿಂದಿನ ದಿನದಿಂದಲೋ ಸೋರುತ್ತಿದ್ದದ್ದು. ಈ ವಿಷಯದಲ್ಲಿ ವಕೀಲರು ಇಂದಿಗೂ ನೆನೆಯುವ ಇಂಗ್ಲೆಂಡಿನ ಪ್ರಕರಣವೊಂದಿದೆ. ಲಿವರ್‌ಪೂಲ್‌ನ ಟೆಸ್ಕೋ ಅಂಗಡಿಯಲ್ಲಿ ನೆಲದ ಮೇಲೆ ಚೆಲ್ಲಿದ್ದ ಮೊಸರಿನ ಮೇಲೆ ಮಹಿಳೆಯೊಬ್ಬರು ಜಾರಿಬಿದ್ದರು. ಮೊಸರು ಎಷ್ಟು ಹೊತ್ತಿನಿಂದ ಅಲ್ಲಿತ್ತೆಂದು ಅವರಿಗೆ ಹೇಳಲಾಗಲಿಲ್ಲ. 1976ರ ತೀರ್ಪಿನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ನೆಲ ಅಂಗಡಿಯವರ ಹತೋಟಿಯಲ್ಲಿದ್ದದ್ದರಿಂದಲೂ ಸರಿಯಾಗಿ ನೋಡಿಕೊಂಡರೆ ಇಂಥದು ಸಾಮಾನ್ಯವಾಗಿ ಆಗದಿರುವುದರಿಂದಲೂ, ತಾವು ಎಚ್ಚರ ವಹಿಸಿದ್ದೆವು ಎಂದು ತೋರಿಸುವ ಭಾರ ಅಂಗಡಿಯವರದೇ ಎಂದಿತು. ಇದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪಲ್ಲವಾದರೂ ವಾದಕ್ಕೆ ಆಧಾರವಾಗುತ್ತದೆ. ಆ ದಿನದ ಶುಚಿತ್ವದ ರಿಜಿಸ್ಟರ್, ಫ್ರಿಜ್‌ನ ಸರ್ವಿಸ್ ದಾಖಲೆ ಇವುಗಳನ್ನು ಹಾಜರುಪಡಿಸಬೇಕೆಂದು ನೀವು ಕೇಳಬಹುದು, ಕೇಳಲೇಬೇಕು.

ಫಲಕದ ಬಗ್ಗೆ ಹೆಚ್ಚು ಅಂಜಬೇಕಾಗಿಲ್ಲ. ‘ಹೊಣೆಯಲ್ಲ’ ಎಂದು ಗೋಡೆಯ ಮೇಲೆ ಬರೆದ ಮಾತ್ರಕ್ಕೆ ಸ್ವಂತ ನಿರ್ಲಕ್ಷ್ಯದ ಹೊಣೆ ಕಳಚಿಕೊಳ್ಳುವುದಿಲ್ಲ. ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಸಿಬ್ಬಂದಿಯ ವಶಕ್ಕೆ ಕೊಟ್ಟ ಕಾರು 1998ರಲ್ಲಿ ಕಳುವಾಗಿತ್ತು. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರ ಸ್ವಂತ ಜವಾಬ್ದಾರಿ’ ಎಂದು ಅಚ್ಚಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್, ತಮ್ಮ ಕಡೆಯ ನಿರ್ಲಕ್ಷ್ಯಕ್ಕೆ ಅಂಥ ಒಕ್ಕಣೆಯನ್ನು ಗುರಾಣಿ ಮಾಡಿಕೊಳ್ಳಲಾಗದು ಎಂದು ಹೇಳಿ ಹೋಟೆಲನ್ನೇ ಹೊಣೆಯಾಗಿಸಿತು. ಅದು ವಸ್ತುವನ್ನು ವಶಕ್ಕೆ ಕೊಟ್ಟ ಪ್ರಕರಣ, ನಿಮ್ಮದು ದೇಹಕ್ಕಾದ ಪೆಟ್ಟಿನದು ಎಂಬ ವ್ಯತ್ಯಾಸವನ್ನು ಎದುರು ವಕೀಲರು ಎತ್ತಬಹುದು. ಆದರೆ ಕಾರಿಗೆ ಇರುವ ರಕ್ಷಣೆ ಕಾರಿನಿಂದ ಇಳಿದು ಒಳಗೆ ಬಂದವರ ಸೊಂಟಕ್ಕೆ ಇಲ್ಲವೆಂದು ವಾದಿಸುವುದು ಅವರಿಗೂ ಸುಲಭವಲ್ಲ.

‘ನೋಡಿಕೊಂಡು ನಡೆಯಬೇಕಿತ್ತು’ ಎಂಬ ಮಾತಿಗೆ ಮಾತ್ರ ಕಾನೂನಿನಲ್ಲಿ ಸ್ವಲ್ಪ ತೂಕವಿದೆ. ಬಿದ್ದವರ ಅಜಾಗರೂಕತೆಯೂ ಕಾರಣವಾಗಿದ್ದರೆ ನ್ಯಾಯಾಲಯ ತಪ್ಪನ್ನು ಹಂಚಿ, ಪರಿಹಾರದಲ್ಲಿ ಅಷ್ಟು ಭಾಗವನ್ನು ಕಡಿತ ಮಾಡುತ್ತದೆ, ಪೂರ್ತಿ ತಳ್ಳಿಹಾಕುವುದಿಲ್ಲ. ಬಿಳಿ ಟೈಲ್ಸ್ ಮೇಲಿನ ತಿಳಿನೀರು ಅರವತ್ತು ದಾಟಿದವರ ಕಣ್ಣಿಗೆ ಬೀಳುವುದು ಕಷ್ಟವೆಂಬುದೂ, ಅಂಗಡಿಯವರು ಸರಕನ್ನು ಜೋಡಿಸಿಡುವುದೇ ಗ್ರಾಹಕರ ಕಣ್ಣು ನೆಲವನ್ನು ಬಿಟ್ಟು ಕಪಾಟಿನ ಮೇಲಿರಲಿ ಎಂದು ಎಂಬುದೂ ನಿಮ್ಮ ಪರವಾದ ಸಂಗತಿಗಳು.

ಎಲ್ಲಿ ದೂರು ಕೊಡಬೇಕು? ನಿಮಗೆ ಸಲೀಸಾದ ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಊರಿನಲ್ಲೇ ದೂರು ಸಲ್ಲಿಸಬಹುದು. ಆಯೋಗದ ಅಧಿಕಾರ ವ್ಯಾಪ್ತಿಯನ್ನು ನೀವು ಕೇಳುವ ಪರಿಹಾರದ ಮೇಲಲ್ಲ, ಕೊಂಡದ್ದಕ್ಕೆ ಕೊಟ್ಟ ಹಣದ ಮೇಲೆ ನಿರ್ಧರಿಸುತ್ತಾರೆ. ಆ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೇ ಇಲ್ಲ. ಇಲ್ಲೊಂದು ತೊಡಕಿದೆ: ನಿಮ್ಮ ತಾಯಿ ಏನನ್ನೂ ಕೊಳ್ಳುವ ಮೊದಲೇ ಬಿದ್ದಿದ್ದರೆ ಅವರು ಗ್ರಾಹಕರೇ ಅಲ್ಲ ಎಂದು ಎದುರಿನವರು ತಕರಾರು ತೆಗೆಯಬಹುದು. ಅಂದಿನ ಬಿಲ್ ಇದ್ದರೆ ಜೋಪಾನ ಮಾಡಿರಿ. ಇಲ್ಲದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡುವುದು ಸುರಕ್ಷಿತ. ಅಲ್ಲಿ ಕೋರ್ಟ್ ಶುಲ್ಕವಿದೆ, ಕಾಲವೂ ಹಿಡಿಯುತ್ತದೆ. ಆದರೆ ಸಾಕ್ಷಿಗಳ ಪಾಟೀ ಸವಾಲಿಗೆ ಪೂರ್ತಿ ಅವಕಾಶವಿರುತ್ತದೆ.

ಇನ್ನು ಸಂಬಳವಿಲ್ಲದ ಗೃಹಿಣಿಯ ಮಾತು. ಜಮ್ಷೆಡ್‌ಪುರದಲ್ಲಿ 1989ರಲ್ಲಿ ನಡೆದ ಅಗ್ನಿ ದುರಂತದ ಪ್ರಕರಣದಲ್ಲಿ, 2001ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಗೃಹಿಣಿಯರು ಮನೆಗೆ ಸಲ್ಲಿಸುವ ಸೇವೆಗೆ ಹಣದ ಬೆಲೆಯುಂಟೆಂದು ಹೇಳಿ, ಮಧ್ಯವಯಸ್ಸಿನವರ ವಿಷಯದಲ್ಲಿ ಅದನ್ನು ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿದಿತ್ತು. ಈಗಿನ ತೀರ್ಪುಗಳಲ್ಲಿ ಆ ಮೊತ್ತ ಮೇಲೇರಿದೆ. ಆಸ್ಪತ್ರೆಯ ಖರ್ಚಿನ ಜೊತೆಗೆ ಮುಂದಿನ ಚಿಕಿತ್ಸೆ, ಫಿಸಿಯೋಥೆರಪಿ, ಆರೈಕೆಗೆ ಇಟ್ಟುಕೊಂಡವರ ಸಂಬಳ, ಓಡಾಟದ ವೆಚ್ಚ, ಅನುಭವಿಸಿದ ನೋವು, ಮೊದಲಿನಂತೆ ಓಡಾಡಲಾಗದ ಕೊರಗು ಇವೆಲ್ಲವನ್ನೂ ಬೇರೆ ಬೇರೆ ಶೀರ್ಷಿಕೆಗಳಲ್ಲಿ ಕೇಳಬಹುದು. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ವೈದ್ಯರು ಬರೆಯುವ ಶೇಕಡಾವಾರು ಅಂಕಿಯೇ ಅಂತಿಮವಲ್ಲ. ಎಡಗೈ ಕಳೆದುಕೊಂಡ ಬಡಗಿಯೋ ಚಾಲಕನೋ ದುಡಿಮೆಯನ್ನೇ ಕಳೆದುಕೊಂಡಂತೆ, ಅದೇ ಸ್ಥಿತಿಯ ಗುಮಾಸ್ತನಿಗೆ ಕೆಲಸ ಉಳಿಯಬಹುದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಾಹನ ಅಪಘಾತದ ಪ್ರಕರಣವೊಂದರಲ್ಲಿ ವಿವರಿಸಿದೆ. ನೋಡಬೇಕಾದದ್ದು ಆ ವ್ಯಕ್ತಿಯ ಬದುಕಿನಲ್ಲಿ ಏನು ನಿಂತುಹೋಯಿತು ಎಂಬುದನ್ನು.

ಕಡೆಯದಾಗಿ, ಆಸ್ಪತ್ರೆಯ ಕೇಸ್ ಶೀಟನ್ನು ತರಿಸಿ ಓದಿರಿ. ದಾಖಲಿಸುವ ಗಡಿಬಿಡಿಯಲ್ಲಿ ಯಾರೋ ‘ಮನೆಯಲ್ಲಿ ಜಾರಿಬಿದ್ದರು’ ಎಂದು ಬರೆಸಿರುವುದು ಉಂಟು. ಅಂಥ ಒಂದು ಸಾಲು, ವರ್ಷದ ನಂತರ, ನಿಮ್ಮ ಹತ್ತು ಸಾಕ್ಷಿಗಳ ಮಾತನ್ನು ಮುಳುಗಿಸಬಲ್ಲದು. ಹಾಗೇನಾದರೂ ಇದ್ದರೆ ಈಗಲೇ ವೈದ್ಯರಿಗೆ ಲಿಖಿತ ಮನವಿ ಕೊಟ್ಟು ಅದರ ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ನಾವು ಮೊದಲ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಹೊರಗಿನ ಮೆಟ್ಟಿಲುಗಳ ಅಂಚು ಒಡೆದಿದೆ, ಒಂದು ಬದಿಗೆ ರೇಲಿಂಗ್ ಇಲ್ಲ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಓನರ್‌ಗೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಸಮೇತ ಹಲವು ಸಲ ತಿಳಿಸಿದ್ದೆವು; ‘ನೋಡೋಣ’ ಎನ್ನುತ್ತಿದ್ದರು. ಈಗ ನಮ್ಮ ಯಜಮಾನರು ಬಿದ್ದು ಕಾಲಿನ ಗಿಣ್ಣು ಮುರಿದಿದೆ. ‘ದಿನಾ ಓಡಾಡುವವರು ನೀವು, ನಿಮಗೆ ಗೊತ್ತಿರಲಿಲ್ಲವೇ’ ಎಂದು ಓನರ್ ಕೇಳುತ್ತಾರೆ. ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ?
– ಓದುಗರು, ಮೈಸೂರು

ಉತ್ತರ: ಬಾಡಿಗೆಯ ವಿಷಯವನ್ನು ಮೊದಲು ಮುಗಿಸೋಣ: ಆಸ್ಪತ್ರೆಯ ಖರ್ಚನ್ನು ನೀವಾಗಿಯೇ ಬಾಡಿಗೆಯಲ್ಲಿ ಮುರಿದುಕೊಳ್ಳಬೇಡಿರಿ. ಹಾಗೆ ಮಾಡಿದರೆ ಬಾಡಿಗೆ ಬಾಕಿಯ ನೆಪದಲ್ಲಿ ಮನೆ ಬಿಡಿಸುವ ದಾವೆಗೆ ನೀವೇ ದಾರಿ ಮಾಡಿಕೊಟ್ಟಂತೆ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 108ನೆಯ ಕಲಮು ಬಾಡಿಗೆದಾರರಿಗೆ ಕೊಡುವ ಅವಕಾಶ ಬೇರೆ: ಮಾಲೀಕರು ಮಾಡಿಸಬೇಕಾದ ದುರಸ್ತಿಯನ್ನು, ನೋಟಿಸ್ ಕೊಟ್ಟ ಮೇಲೂ ಯುಕ್ತ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ದುರಸ್ತಿಯ ವೆಚ್ಚವನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಅದು ಮೆಟ್ಟಿಲು ಸರಿಪಡಿಸುವ ಗಾರೆ ಕೆಲಸಕ್ಕೆ ಅನ್ವಯಿಸುತ್ತದೆ, ಗಿಣ್ಣಿನ ಚಿಕಿತ್ಸೆಗಲ್ಲ. ದುರಸ್ತಿ ಮಾಡಿಸುವುದು ಅವರ ಕರ್ತವ್ಯವೇ ಎಂಬುದನ್ನು ನಿಮ್ಮ ಬಾಡಿಗೆ ಕರಾರಿನಲ್ಲಿ ಮೊದಲು ನೋಡಬೇಕು.

ಗಾಯದ ಪರಿಹಾರದ ಪ್ರಶ್ನೆ ಹತೋಟಿಯ ಮೇಲೆ ನಿಂತಿದೆ. ನಿಮ್ಮ ಮನೆಯ ಒಳಗಿನ ಬಚ್ಚಲು ಜಾರುತ್ತದೆ ಎಂದಿದ್ದರೆ ಅದು ನಿಮ್ಮ ಸ್ವಾಧೀನದ ಜಾಗ, ಮಾಲೀಕರನ್ನು ಹೊಣೆಯಾಗಿಸುವುದು ಕಷ್ಟ. ಹೊರಗಿನ ಮೆಟ್ಟಿಲನ್ನು ಮಾಲೀಕರೂ ಇತರ ಬಾಡಿಗೆದಾರರೂ ಬಳಸುತ್ತಿದ್ದರೆ, ಅದನ್ನು ಯಾರಿಗೂ ಬಾಡಿಗೆಗೆ ಕೊಟ್ಟಿಲ್ಲ. ಅದು ಮಾಲೀಕರ ಸುಪರ್ದಿಯಲ್ಲೇ ಉಳಿದಿದೆ ಎಂದೇ ಅರ್ಥ. ಕರಾರಿನಲ್ಲಿ ಮೆಟ್ಟಿಲಿನ ಬಗ್ಗೆ ಒಂದು ಮಾತೂ ಇಲ್ಲದಿದ್ದರೂ ಈ ಹೊಣೆ ತಪ್ಪುವುದಿಲ್ಲ.

ನಿಮ್ಮ ವಾಟ್ಸ್ಆ್ಯಪ್ ಸಂದೇಶಗಳು ಬಹಳ ಮುಖ್ಯ. ಮಾಲೀಕರಿಗೆ ಅಪಾಯ ತಿಳಿದಿತ್ತೆಂದು ರುಜುವಾತು ಮಾಡುವುದೇ ಇಂಥ ಪ್ರಕರಣಗಳಲ್ಲಿ ಕಷ್ಟದ ಭಾಗ. ನಿಮ್ಮಲ್ಲಿ ಅದು ದಿನಾಂಕ ಸಮೇತ ಇದೆ, ಅವರು ಕೊಟ್ಟ ‘ನೋಡೋಣ’ ಎಂಬ ಉತ್ತರವೂ ಇದೆ. ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆಸಿ ಇಟ್ಟರೆ ಸಾಲದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ನಿಗದಿತ ಪ್ರಮಾಣಪತ್ರ ಇರಬೇಕು. ಫೋನನ್ನು ಬದಲಾಯಿಸಬೇಡಿರಿ, ಚಾಟನ್ನು ಅಳಿಸಬೇಡಿರಿ.

ನಿಮಗೂ ಅಪಾಯ ತಿಳಿದಿತ್ತು ಎಂಬ ಅವರ ವಾದವನ್ನು ಎದುರಿಸಲು ಒಂದೇ ಮಾತು ಸಾಕಾಗಬಹುದು: ಮನೆಗೆ ಹೋಗಿಬರಲು ಬೇರೆ ಮೆಟ್ಟಿಲು ಇರಲಿಲ್ಲ. ಅಪಾಯ ತಿಳಿದಿದ್ದೂ ಬೇರೆ ದಾರಿಯಿಲ್ಲದೆ ನಡೆದವರು ಆ ಅಪಾಯವನ್ನು ಮನಸಾರೆ ಒಪ್ಪಿಕೊಂಡರು ಎಂದು ಕಾನೂನು ಭಾವಿಸುವುದಿಲ್ಲ. ರಾತ್ರಿ ದೀಪವಿಲ್ಲದೆ, ಕೈಯಲ್ಲಿ ಭಾರ ಹಿಡಿದು ಇಳಿಯುತ್ತಿದ್ದರೆ ಮಾತ್ರ ಸ್ವಲ್ಪ ಕಡಿತವನ್ನು ನಿರೀಕ್ಷಿಸಬೇಕಾಗುತ್ತದೆ. ಮಾಲೀಕರು ಅವಸರದಲ್ಲಿ ಗಾರೆಯವರನ್ನು ಕರೆಸುವ ಮೊದಲು ಮೆಟ್ಟಿಲಿನ ಫೋಟೋ ತೆಗೆದು, ಒಂದೊಂದು ಮೆಟ್ಟಿಲಿನ ಎತ್ತರ, ಅಗಲವನ್ನು ಅಳೆದು ಬರೆದಿಡಿರಿ. ವಾಸದ ಕಟ್ಟಡದಲ್ಲಿ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಅಗಲ 250 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಮನಬಂದಂತೆ ಕಟ್ಟಿದ ಹೊರಮೆಟ್ಟಿಲುಗಳಲ್ಲಿ ಈ ಅಳತೆ ಇರುವುದು ಅಪರೂಪ.

ಪ್ರಶ್ನೆ: ನಾನು ಅಪಾರ್ಟ್‌ಮೆಂಟ್ ಒಂದರಲ್ಲಿ ಮೂರು ಮನೆಗಳ ಮನೆಗೆಲಸ ಮಾಡುತ್ತೇನೆ. ಬೆಳಿಗ್ಗೆ ಲಿಫ್ಟ್ ಮುಂದಿನ ಗ್ರಾನೈಟ್ ನೆಲವನ್ನು ಸೋಪಿನ ನೀರು ಹಾಕಿ ತೊಳೆದು ಹಾಗೆಯೇ ಬಿಟ್ಟಿದ್ದರು. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು; ಕೆಲಸ ಹೋಯಿತು. ಸಂಘದವರು ‘ಹೌಸ್‌ಕೀಪಿಂಗ್ ಏಜೆನ್ಸಿಯವರನ್ನು ಕೇಳು’ ಎನ್ನುತ್ತಾರೆ, ಏಜೆನ್ಸಿಯವರು ‘ಸಂಘದವರನ್ನು ಕೇಳು’ ಎನ್ನುತ್ತಾರೆ. ವಕೀಲರಿಗೆ ಕೊಡಲು ನನ್ನಲ್ಲಿ ಹಣವಿಲ್ಲ. (ಮಗಳಿಂದ ಬರೆಸಿದ ಪತ್ರ)
– ಓದುಗರು, ಬೆಂಗಳೂರು

ಉತ್ತರ: ಅಮ್ಮಾ, ಇಬ್ಬರಲ್ಲಿ ಯಾರು ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಒಂದೇ ದಾವೆ ಹೂಡಬಹುದು. ಹೊಣೆಯನ್ನು ಅವರವರ ನಡುವೆ ಹಂಚುವುದು ನ್ಯಾಯಾಲಯಕ್ಕೆ ಬಿಟ್ಟದ್ದು. ನೆಲ ತೊಳೆದವರು ಒದ್ದೆಯಿದೆ ಎಂಬ ಫಲಕವನ್ನೂ ಇಡದೆ ಹೋದದ್ದು ಏಜೆನ್ಸಿಯ ತಪ್ಪು. ಮನೆಗೆಲಸದವರು, ಹಾಲಿನವರು, ಶಾಲೆಯ ಮಕ್ಕಳು ಓಡಾಡುವ ಹೊತ್ತಿನಲ್ಲೇ ತೊಳೆಯುವಂತೆ ವೇಳೆ ಗೊತ್ತುಮಾಡಿದ್ದು, ಅಥವಾ ಅದನ್ನು ಕಂಡೂ ಸುಮ್ಮನಿದ್ದದ್ದು ಸಂಘದ ತಪ್ಪು. ಸಾಮಾನ್ಯ ಬಳಕೆಯ ಜಾಗಗಳ ನಿರ್ವಹಣೆಗೆಂದು ನಿವಾಸಿಗಳಿಂದ ಪ್ರತಿ ತಿಂಗಳು ಹಣ ಪಡೆಯುವ ಸಂಘ, ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಆ ಜಾಗದ ಸುರಕ್ಷತೆಯ ಹೊಣೆಯಿಂದ ಕೈತೊಳೆದುಕೊಳ್ಳಲಾಗದು. ನೀವು ಅಲ್ಲಿ ಫ್ಲ್ಯಾಟ್ ಕೊಂಡವರಲ್ಲ ಎಂಬುದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಗೇಟಿನಲ್ಲಿ ಸಹಿ ಹಾಕಿಸಿಕೊಂಡು ಒಳಗೆ ಬಿಟ್ಟ ಮೇಲೆ ನಿಮ್ಮ ಸುರಕ್ಷತೆಯ ಹೊಣೆ ಅವರದು.

ಹಣದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಒದಗಿಸಬೇಕು. 15100 ಎಂಬ ಸಂಖ್ಯೆಗೆ ಕರೆ ಮಾಡಬಹುದು, ಅಥವಾ ನೇರವಾಗಿ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಬಹುದು. ದಾವೆಗೆ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿಗೆ ಕೂರಿಸಲು ಅವರಿಗೇ ಹೇಳಿರಿ. ಇಂಥ ಪ್ರಕರಣಗಳಲ್ಲಿ ಸಂಘದವರು ಹೆಸರು ಕೆಡುವುದೆಂದು ರಾಜಿಗೆ ಬರುವ ಸಂಭವ ಹೆಚ್ಚು. ಆದರೆ ಕೈಗೆ ಐದೋ ಹತ್ತೋ ಸಾವಿರ ಕೊಟ್ಟು ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡಿರಿ.

ಪೊಲೀಸರಿಗೆ ದೂರು ಕೊಡಬಹುದೇ ಎಂದು ನಿಮ್ಮ ಮಗಳು ಕೇಳಿದ್ದಾರೆ. ಕೊಡಬಹುದು. ಮೂಳೆ ಮುರಿತ ಕಾನೂನಿನ ದೃಷ್ಟಿಯಲ್ಲಿ ತೀವ್ರ ಗಾಯ. ಜೀವಕ್ಕೆ ಅಪಾಯವಾಗುವಂಥ ನಿರ್ಲಕ್ಷ್ಯದಿಂದ ಅದನ್ನುಂಟುಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 125ನೆಯ ಕಲಮಿನಲ್ಲಿ 3 ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಸೋಪಿನ ನೀರು ಬಿಟ್ಟದ್ದು ಅಪರಾಧವೆನಿಸುವಷ್ಟು ದೊಡ್ಡ ನಿರ್ಲಕ್ಷ್ಯವೆಂದು ಸಾಬೀತು ಮಾಡುವುದು ಸುಲಭವಲ್ಲ. ಆ ಪ್ರಕರಣದಲ್ಲಿ ಕಟಕಟೆ ಏರುವವರು ಬಹುಪಾಲು ನಿಮ್ಮಷ್ಟೇ ಸಂಬಳಕ್ಕೆ ದುಡಿಯುವ, ನೆಲ ಒರೆಸಿದ ಇನ್ನೊಬ್ಬ ಹೆಂಗಸು. ಪರಿಹಾರ ಬೇಕಿದ್ದರೆ ಸಿವಿಲ್ ದಾರಿಯೇ ಸರಿ.

ಪ್ರಶ್ನೆ: ನಾನು ಖಾನಾವಳಿ ನಡೆಸುತ್ತೇನೆ. ಕೈ ತೊಳೆಯುವ ಜಾಗ ಎಷ್ಟು ಒರೆಸಿದರೂ ಒದ್ದೆಯೇ. ‘ನೆಲ ಜಾರುತ್ತದೆ, ಎಚ್ಚರಿಕೆ’ ಎಂಬ ಬೋರ್ಡ್ ಹಾಕಿದ್ದೇನೆ. ಇಷ್ಟು ಸಾಕೇ? ಇನ್ಶೂರೆನ್ಸ್ ಇದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬಿದ್ದವರ ಪತ್ರಗಳ ನಡುವೆ ಬೀಳಿಸಬಾರದೆಂದು ಯೋಚಿಸುವವರ ಪತ್ರ ಇದೊಂದೇ, ಅದಕ್ಕಾಗಿ ಮೆಚ್ಚುಗೆ. ಎಚ್ಚರಿಕೆಯ ಬೋರ್ಡ್ ತಾತ್ಕಾಲಿಕ ಅಪಾಯಕ್ಕೆ ತಕ್ಕದ್ದು, ಅಂದರೆ ನೆಲ ಒಣಗುವವರೆಗೆ ಅನ್ನಿ. ವರ್ಷವಿಡೀ ಅದೇ ಜಾಗದಲ್ಲಿ ಅದೇ ಬೋರ್ಡ್ ತೂಗುತ್ತಿದ್ದರೆ, ಅಪಾಯ ನಿಮಗೆ ತಿಳಿದಿತ್ತು, ಆದರೂ ಸರಿಪಡಿಸಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿಯಾಗಬಹುದು. ನೆಲಕ್ಕೆ ಸರಿಯಾದ ಇಳಿಜಾರು, ನೀರು ಹೋಗಲು ಜಾಲರಿ, ನುಣುಪಾದ ಟೈಲ್ಸ್ ಬದಲು ತರಿತರಿಯಾದ ಕಲ್ಲು, ಅಂಚು ಮಡಚಿಕೊಳ್ಳದ ರಬ್ಬರ್ ಮ್ಯಾಟ್ ಇವೇ ನಿಜವಾದ ಉತ್ತರ. ಊಟದ ಹೊತ್ತಿನಲ್ಲಿ ಒರೆಸುವವರನ್ನು ಅಲ್ಲಿಯೇ ನಿಲ್ಲಿಸಿ, ಒರೆಸಿದ ವೇಳೆಯನ್ನು ಒಂದು ಪುಸ್ತಕದಲ್ಲಿ ಬರೆಸಿರಿ. ಮುಂದೊಂದು ದಿನ ನಿಮ್ಮ ಪರವಾಗಿ ಮಾತಾಡುವುದು ಆ ಪುಸ್ತಕ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು, ನಿಮಗೆ ಅನ್ವಯಿಸುವುದಿಲ್ಲ. ಆದರೆ ಅಂಗಡಿ ಮಾಲೀಕರ ಪ್ಯಾಕೇಜ್ ಪಾಲಿಸಿಗಳಲ್ಲಿ ಹೊರಗಿನವರಿಗಾಗುವ ಗಾಯದ ಹೊಣೆಯನ್ನೂ ಸೇರಿಸಿಕೊಳ್ಳುವ ಅವಕಾಶವಿರುತ್ತದೆ; ಏಜೆಂಟರನ್ನು ಆ ಭಾಗವನ್ನೇ ಹೆಸರಿಸಿ ಕೇಳಿರಿ.

ಪ್ರಶ್ನೆ: ಫುಟ್‌ಪಾತ್ ಮೇಲಿನ ಚರಂಡಿಯ ಚಪ್ಪಡಿ ಮಗುಚಿ ನಮ್ಮ ತಂದೆಯವರ ಕಾಲು ಒಳಗೆ ಸಿಕ್ಕಿ ಮುರಿಯಿತು. ಪಾಲಿಕೆಯವರ ಮೇಲೆ ಕೇಸು ನಿಲ್ಲುವುದೇ?
– ಓದುಗರು, ಕಲಬುರಗಿ

ಉತ್ತರ: ನಿಲ್ಲುತ್ತದೆ. ದೆಹಲಿಯ ಚಾಂದನಿ ಚೌಕದಲ್ಲಿದ್ದ ಗಡಿಯಾರ ಗೋಪುರ ಕುಸಿದು ದಾರಿಹೋಕರು ಸತ್ತಾಗ, ಆ ಕಟ್ಟಡಕ್ಕೆ ಸುಮಾರು 80 ವರ್ಷವಾಗಿತ್ತು. ಬಳಸಿದ್ದ ಗಾರೆಯ ಆಯುಸ್ಸು 40–45 ವರ್ಷವಷ್ಟೇ. ದೋಷ ಮೇಲುನೋಟಕ್ಕೆ ಕಾಣುತ್ತಿರಲಿಲ್ಲ ಎಂಬ ಪಾಲಿಕೆಯ ವಾದವನ್ನು ಸುಪ್ರೀಂ ಕೋರ್ಟ್ 1966ರಲ್ಲಿ ತಳ್ಳಿಹಾಕಿತು. ಹಾದಿಯ ಪಕ್ಕದ ಕಟ್ಟಡ ದಾರಿಹೋಕರಿಗೆ ಅಪಾಯಕಾರಿಯಾಗದಂತೆ ನೋಡಿಕೊಳ್ಳುವುದು ಅದರ ಒಡೆಯರ ವಿಶೇಷ ಹೊಣೆಯೆಂದೂ, ಅಂಥದು ಕುಸಿದುಬಿದ್ದದ್ದೇ ನಿರ್ಲಕ್ಷ್ಯವನ್ನು ಸೂಚಿಸುತ್ತದೆಂದೂ ಹೇಳಿತು. 2019ರಲ್ಲಿ ನಮ್ಮ ಹೈಕೋರ್ಟ್ ಬೆಂಗಳೂರಿನ ರಸ್ತೆಗುಂಡಿಗಳ ಪ್ರಕರಣದಲ್ಲಿ, ಸುಸ್ಥಿತಿಯ ರಸ್ತೆ ಮತ್ತು ಪಾದಚಾರಿ ಮಾರ್ಗ ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದೂ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದೂ ಸ್ಪಷ್ಟಪಡಿಸಿದೆ.

ಎರಡು ಎಚ್ಚರಿಕೆಗಳು. ಸ್ಥಳೀಯ ಸಂಸ್ಥೆಗಳ ವಿರುದ್ಧ ದಾವೆಗೆ ಮೊದಲು ನೋಟಿಸ್ ಕೊಡಬೇಕೆಂಬ ನಿಯಮವಿದೆ, ಅವುಗಳ ವಿಷಯದಲ್ಲಿ ಕಾಲಮಿತಿಯೂ ಸಾಮಾನ್ಯ ದಾವೆಗಿಂತ ಕಡಿಮೆ ಇರಬಹುದು; ಆದ್ದರಿಂದ ಈ ವಾರವೇ ವಕೀಲರನ್ನು ಕಾಣಿರಿ. ಇನ್ನೊಂದು, ಆ ಚಪ್ಪಡಿಯನ್ನು ಹಾಕಿದವರು ಯಾರೆಂದು ವಿಚಾರಿಸಿರಿ. ವಾಹನ ಹತ್ತಿಸಲೆಂದು ಅಂಗಡಿಯವರೇ ಮೋರಿಯ ಮೇಲೆ ಚಪ್ಪಡಿ ಹಾಕಿಕೊಳ್ಳುವುದು ಎಲ್ಲ ಊರುಗಳಲ್ಲೂ ಕಾಣುವ ಸಂಗತಿ. ಹಾಗಿದ್ದರೆ ಅವರೂ ಪ್ರತಿವಾದಿಗಳು.

ಪ್ರಶ್ನೆ: ನಮ್ಮ ತೋಟದಲ್ಲಿ ಕಟ್ಟೆಯಿಲ್ಲದ ಹಾಳುಬಾವಿಯಿದೆ. ಅಡಿಕೆ ಕದಿಯಲು ಬರುವವರ ಕಾಟವೂ ಇದೆ. ಕೇಳದೆ ಒಳಗೆ ಬಂದವರು ಬಿದ್ದರೆ ನಾವು ಹೊಣೆಯೇ? ಬೇಲಿಗೆ ಕರೆಂಟ್ ಹರಿಸಬಹುದೇ?
– ಓದುಗರು, ಶಿರಸಿ

ಉತ್ತರ: ಎರಡನೆಯದಕ್ಕೆ ಮೊದಲ ಉತ್ತರ: ಕೂಡದು. 1960ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಬಿಹಾರದ ಪ್ರಕರಣವೊಂದರಲ್ಲಿ, ತನ್ನ ಶೌಚಾಲಯವನ್ನು ನೆರೆಯವರು ಬಳಸುತ್ತಾರೆಂದು ಒಬ್ಬಾತ ಅದರ ದಾರಿಗೆ ವಿದ್ಯುತ್ ಹರಿಯುವ ತಂತಿ ಕಟ್ಟಿದ್ದ. ತಗುಲಿ ಮಹಿಳೆಯೊಬ್ಬರು ಸತ್ತರು. ಅವರು ಅಪ್ಪಣೆಯಿಲ್ಲದೆ ಬಂದವರೆಂಬುದು ಅವನನ್ನು ಉಳಿಸಲಿಲ್ಲ. ಅತಿಕ್ರಮಿಸಿ ಬಂದವರಿಗೂ ಬೇಕೆಂದೇ ಅಪಾಯದ ಬಲೆ ಒಡ್ಡುವ ಹಕ್ಕು ಜಾಗದ ಒಡೆಯರಿಗಿಲ್ಲ. ನಿರ್ಲಕ್ಷ್ಯದಿಂದ ಸಾವುಂಟುಮಾಡಿದರೆ ಈಗಿನ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ 5 ವರ್ಷದವರೆಗೆ ಶಿಕ್ಷೆಯಿದೆ.

ಬಾವಿಯ ಮಾತು ಸ್ವಲ್ಪ ಬೇರೆ. ರಾತ್ರಿ ಕದಿಯಲು ಬಂದವನ ವಿಷಯದಲ್ಲಿ ನಿಮ್ಮ ಹೊಣೆ ತೀರಾ ಕಡಿಮೆ. ಆದರೆ ತೋಟದೊಳಗೆ ಕಾಲುದಾರಿಯಿದ್ದು ಊರವರು ಓಡಾಡುತ್ತಿದ್ದರೆ, ನೀವು ತಡೆಯದೆ ವರ್ಷಗಟ್ಟಲೆ ಬಿಟ್ಟಿದ್ದರೆ, ಅವರು ನಿಮ್ಮ ಮೌನ ಒಪ್ಪಿಗೆಯಿಂದ ಬಂದವರೆನಿಸುತ್ತಾರೆ. ಮಕ್ಕಳ ವಿಷಯದಲ್ಲಂತೂ ಅತಿಕ್ರಮಣದ ವಾದ ಬಲವಾಗಿ ನಿಲ್ಲುವುದಿಲ್ಲ. ಪೇರಳೆ, ಮಾವಿನ ಮರದ ಬುಡದಲ್ಲಿ ಹಾಳುಬಾವಿ ಇದ್ದರೆ ಮಕ್ಕಳು ಬರುತ್ತಾರೆಂಬುದು ಒಡೆಯರಿಗೆ ತಿಳಿದಿರಲೇಬೇಕು. ಕಟ್ಟೆ ಕಟ್ಟಿಸಿರಿ, ಬಳಕೆಯಿಲ್ಲದಿದ್ದರೆ ಮುಚ್ಚಿಸಿರಿ. ವಿಫಲವಾದ ಕೊಳವೆಬಾವಿಯೂ ಇದ್ದರೆ ಅದನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಕಲ್ಲು ತುಂಬಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ನಿರ್ದೇಶಿಸಿದೆ.

ಪ್ರಶ್ನೆ: ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಚೆಲ್ಲಿದ ಸಾರಿನ ಮೇಲೆ ಜಾರಿ ಮೊಣಕಾಲಿಗೆ ಪೆಟ್ಟಾಗಿ ಎರಡು ವರ್ಷ ಎಂಟು ತಿಂಗಳಾಯಿತು. ಮಂಟಪದವರಿಗೆ ಆಗಲೇ ನೋಟಿಸ್ ಕೊಟ್ಟಿದ್ದೆ, ಉತ್ತರ ಬಂದಿಲ್ಲ. ಕಾಲ ಮೀರಿತೇ?
– ಓದುಗರು, ತುಮಕೂರು

ಉತ್ತರ: ಗ್ರಾಹಕ ಆಯೋಗದಲ್ಲಿ ಮೀರಿದೆ, ಅಲ್ಲಿ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ವಿಳಂಬಕ್ಕೆ ಸಮರ್ಪಕ ಕಾರಣ ತೋರಿಸಿದರೆ ಮಾತ್ರ ಮನ್ನಿಸಬಹುದು. ಬಂಧುಗಳ ಮದುವೆಗೆ ಅತಿಥಿಯಾಗಿ ಹೋದವರು ಮಂಟಪದ ಗ್ರಾಹಕರೇ ಎಂಬ ತಕರಾರೂ ಏಳುತ್ತದೆ. ಸಿವಿಲ್ ದಾವೆಗೆ, 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ಇಂಥ ಗಾಯಕ್ಕೆ ಪ್ರತ್ಯೇಕ ಬಾಬು ಇಲ್ಲದ ಕಾರಣ, ಉಳಿದೆಲ್ಲಕ್ಕೂ ಅನ್ವಯಿಸುವ ಮೂರು ವರ್ಷದ ಅವಧಿ ಸಿಗುತ್ತದೆ. ನಿಮಗಿನ್ನೂ ನಾಲ್ಕು ತಿಂಗಳಿದೆ. ನೋಟಿಸ್ ಕೊಟ್ಟದ್ದರಿಂದ ಅವಧಿ ಹಿಗ್ಗುವುದಿಲ್ಲ, ಉತ್ತರಕ್ಕೆ ಕಾಯುವ ಅಗತ್ಯವೂ ಇಲ್ಲ. ಮಂಟಪದ ಮಾಲೀಕರ ಜೊತೆ ಅಡುಗೆ ಗುತ್ತಿಗೆದಾರರನ್ನೂ ಸೇರಿಸಿರಿ. ಅಂದು ವೀಡಿಯೊ ತೆಗೆದವರ ಬಳಿ ಊಟದ ಹಾಲಿನ ದೃಶ್ಯ ಉಳಿದಿದೆಯೇ ಎಂದು ಮದುವೆ ಮಾಡಿದವರ ಮೂಲಕ ವಿಚಾರಿಸಿರಿ. ಮೂರು ವರ್ಷ ತುಂಬುವ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ಮತ್ತೆ ತೆರೆಯುವ ದಿನ ದಾವೆ ಸಲ್ಲಿಸಬಹುದು, ಆದರೆ ಅಲ್ಲಿಯವರೆಗೆ ಬಿಡದಿರುವುದೇ ಲೇಸು.